ಇಡ್ಲಿ ಒಲೆಗೂ ವಿಶ್ವ ನ್ಯಾಯಾಲಯಕ್ಕೂ ನಡುವೆ ಒಂದು ಗೋಡೆ

ಬೆಳಗಿನ ಐದು ಗಂಟೆಗೆ ಇನ್ನೆರಡು ನಿಮಿಷ. ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದಿನ ವಠಾರದಲ್ಲಿ ಶೀಟು ಹೊದಿಸಿದ ಹದಿನಾಲ್ಕು ಕೋಣೆಗಳಿವೆ. ಇಡ್ಲಿ ಮಾರುವ ಚಿಕ್ಕಮುನಿಯಮ್ಮ ತಟ್ಟೆಗಳಿಗೆ ಹಿಟ್ಟು ಸುರಿದಾಗಿದೆ. ಬೆಂಕಿಪೊಟ್ಟಣ ಕೈಯಲ್ಲೇ ಇದೆ. ಆದರೆ ಒಲೆ ಹಚ್ಚದೆ ಕೂತಿದ್ದಾರೆ.

"ಓದ್ಕಂಡೇನಮ್ಮೀ? ಹಚ್ಲಾ?"

"ಎರಡೇ ನಿಮಿಷ ಅಜ್ಜಿ."

"ನಿನ್ ಕೋರ್ಟ್‌ನೋರು ಎದ್ದವ್ರೋ ಇಲ್ವೋ, ನನ್ ಗಿರಾಕಿಗಳು ಎದ್ದು ಗೇಟ್ ತಾವ ನಿಂತವ್ರೆ ಕಣೆ!"

ಗೋಡೆಯ ಆಚೆ ಬದಿಯ ಕೋಣೆಯಲ್ಲಿ ಶೈಲಜಾ ನಗುತ್ತಾರೆ. ಕೋಣೆಯ ನಡುವೆ ದಾರದಲ್ಲಿ ತೂಗುವ ಪುಟ್ಟ ಥರ್ಮಾಮೀಟರಿಗೆ ಮೊಬೈಲ್ ಬೆಳಕು ಹಿಡಿದು, ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: 28.6. ಹೊರಗೆ ಸಂಪಿಗೆ ಗಿಡಕ್ಕೆ ಕಟ್ಟಿದ ಇನ್ನೊಂದರಲ್ಲಿ 22.9. ಊರೆಲ್ಲ ತಣ್ಣಗಾದ ಹೊತ್ತಿನಲ್ಲೂ ಈ ಕೋಣೆ ತಣ್ಣಗಾಗಿಲ್ಲ. "ಹಚ್ಕೊ ಅಜ್ಜಿ," ಎಂದು ಕೂಗಿ, ಅವರು ಉಳಿದ ಆರು ಮನೆಗಳ ಕಡೆ ಹೊರಡುತ್ತಾರೆ. ದಿನಕ್ಕೆ ಎರಡು ಹೊತ್ತು, ಏಳು ಕೋಣೆ, ಹದಿನಾಲ್ಕು ಅಂಕಿ. ಆಮೇಲೆ ಆರೂವರೆಗೆ ಪೀಣ್ಯದ ಬಸ್ಸು.

ಇಪ್ಪತ್ತನಾಲ್ಕರ ಶೈಲಜಾ ಪೀಣ್ಯದಲ್ಲಿ ಲೋಹದ ಬಿಡಿಭಾಗಗಳಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದಾರೆ. ಗೀರು ಬಿದ್ದದ್ದು, ಗುಳ್ಳೆ ಎದ್ದದ್ದು ಕಂಡರೆ ಕೆಂಪು ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕಿಡಬೇಕು. ಅಲ್ಲಿ ಬಣ್ಣ ಬೇಯಿಸುವ ಓವನ್ನಿಗೆ ಮೂರು ಥರ್ಮಾಮೀಟರ್‌ಗಳಿವೆ, ಅದರ ಮುಂದೆ ನಿಲ್ಲುವ ಮನುಷ್ಯರಿಗೆ ಒಂದೂ ಇಲ್ಲ. ಬಣ್ಣಕ್ಕೆ ಸೆಕೆ ಹೆಚ್ಚಾದರೆ ಅಲಾರಂ ಕೂಗುತ್ತದೆ. ಬಣ್ಣ ಹಾಕುವವರಿಗೆ ಸೆಕೆ ಹೆಚ್ಚಾಗಿ ಒಂದು ನಿಮಿಷ ಕೂತರೆ ಸೂಪರ್‌ವೈಸರ್ ಕೂಗುತ್ತಾನೆ.

ಎರಡು ಬೇಸಿಗೆಗಳ ಹಿಂದೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಈರಪ್ಪ ಕುಸಿದು ಬಿದ್ದರು. ವೈದ್ಯರು ಬಿಸಿಲಿನ ಹೊಡೆತ ಎಂದರು. ಬಿಸಿಲಿಗಿಂತ ಮೊದಲಿನ ಕಥೆ ಈರಪ್ಪನವರಿಗೆ ಗೊತ್ತು. "ಹಗಲಿನ ಬಿಸ್ಲು ತಡ್ಕೋಬಹುದ್ರೀ. ರಾತ್ರಿ ಮನಿಗೆ ಬಂದ್ರ ತಗಡು ಇನ್ನೂ ಕಾದಿರ್ತೈತಿ. ನಿದ್ದಿ ಹತ್ತಂಗಿಲ್ಲ. ಎಂಟು ದಿನ ನಿದ್ದಿ ಇಲ್ದ ಮೂಟಿ ಹೊತ್ತಿದ್ದೆ, ಬಿದ್ದೆ," ಎನ್ನುತ್ತಾರೆ. ಗದಗದ ಕಡೆಯಿಂದ ಬಂದು ಇಪ್ಪತ್ತು ವರ್ಷವಾದರೂ ಅವರ ಮಾತು ಬದಲಾಗಿಲ್ಲ.

ಆಸ್ಪತ್ರೆಯ ಚೀಟಿಯಲ್ಲಿ ಆ ಎಂಟು ರಾತ್ರಿಗಳಿಗೆ ಜಾಗವಿರಲಿಲ್ಲ. ಮಗಳು ಅದಕ್ಕೇ ನೋಟ್‌ಬುಕ್ ತಂದರು. ಭಾನುವಾರ ಕಾರ್ಮಿಕ ಸಂಘದ ಕೋಣೆಯಲ್ಲಿ ನಡೆಯುವ ಓದುಗುಂಪಿನಲ್ಲಿ ಕಾನೂನು ವಿದ್ಯಾರ್ಥಿನಿ ಸಮನ್ವಿತಾ ಪರಿಚಯವಾದರು. ಹಲವು ದೇಶಗಳ ಯುವಜನರು ಸೇರಿ ಬಿಸಿಯ ಸಾಕ್ಷ್ಯ ಕಲೆಹಾಕಿ ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರಿಗೆ ಮನವಿ ಸಲ್ಲಿಸುವ ತಯಾರಿಯಲ್ಲಿದ್ದರು. ಸಮನ್ವಿತಾ ಆ ಗುಂಪಿನವರು. ಶೈಲಜಾ ಅವರ ನೋಟ್‌ಬುಕ್ಕಿನಲ್ಲಿ ನಸುಕಿನ ಐದಕ್ಕೆ 31 ಡಿಗ್ರಿ ಎಂದಿದ್ದನ್ನು ಕಂಡು ಅವರು ಕುರ್ಚಿಯಿಂದ ಎದ್ದೇಬಿಟ್ಟರಂತೆ. ಮನವಿಯ ಮೊದಲ ಪುಟಕ್ಕೆ ಈ ವಠಾರವೇ ಎಂದು ತೀರ್ಮಾನವೂ ಆಯಿತು.

ಅಷ್ಟರಲ್ಲಿ ಚಿಕ್ಕಮುನಿಯಮ್ಮ ಮೊಮ್ಮಗಳ ನಾಮಕರಣಕ್ಕೆಂದು ಮೂರು ದಿನ ನೆಲಮಂಗಲಕ್ಕೆ ಹೋದರು. ಆ ಮೂರೂ ದಿನ ಅಂಕಿ ಎರಡು ಡಿಗ್ರಿ ಕೆಳಗಿಳಿಯಿತು. ಅಜ್ಜಿ ಮರಳಿದ ಮರುದಿನ ಮತ್ತೆ ಮೇಲೇರಿತು.

"ಗೋಡೇಲಿ ಕ್ಯಾಲೆಂಡರ್ ಹಾಕೋ ಮೊಳೆ ಇತ್ತು, ಅದಕ್ಕೇ ಥರ್ಮಾಮೀಟರ್ ನೇತಾಕ್ಬಿಟ್ಟಿದ್ದೆ. ಆ ಗೋಡೆ ಹಿಂದೇನೇ ಅಜ್ಜಿ ಒಲೆ," ಎಂದು ಶೈಲಜಾ ತಲೆ ಚಚ್ಚಿಕೊಳ್ಳುತ್ತಾರೆ. "ನಾಲ್ಕೂವರೆಗೇ ಹಚ್ತಿತ್ತು. ನಾನು ಇಡ್ಲಿ ಹಬೆ ಅಳೆದು ಪ್ರಪಂಚದ ಮೇಲೆ ಕಂಪ್ಲೇಂಟ್ ಬರೀತಿದ್ದೆ!"

ಕಾದ ಶೀಟಿನ ಬಿಸಿಯೂ ಆ ಅಂಕಿಯಲ್ಲಿತ್ತು. ಆದರೆ ಅದೆಷ್ಟು, ಒಲೆಯದೆಷ್ಟು ಎಂದು ಬಿಡಿಸುವ ದಾರಿ ಇರಲಿಲ್ಲ. ಕೆಳಗೊಂದು ಅಡಿಟಿಪ್ಪಣಿ ಹಾಕಿ ಕಳಿಸೋಣ ಎಂದರು ಸಮನ್ವಿತಾ. ಶೈಲಜಾ ಒಪ್ಪಲಿಲ್ಲ. ಎಪ್ಪತ್ಮೂರು ದಿನಗಳ ಅಂಕಿಗಳ ಮೇಲೆ ಕೆಂಪು ಗೆರೆ ಎಳೆದರು. ಆ ಬೇಸಿಗೆಯ ಮನವಿ ಈ ವಠಾರವಿಲ್ಲದೆಯೇ ಹೋಯಿತು.

"ಫ್ಯಾಕ್ಟ್ರೀಲಿ ನನ್ ಕೆಲ್ಸಾನೇ ರಿಜೆಕ್ಟ್ ಮಾಡೋದು ಸಾರ್. ಬೇರೆಯವರ ಪೀಸಿಗೆ ಸ್ಟಿಕ್ಕರ್ ಅಂಟಿಸ್ತೀನಿ, ನಂದಕ್ಕೆ ಅಂಟಿಸ್ದೆ ಇರೋಕಾಗತ್ತಾ? ಬಸ್ಸಲ್ಲಿ ಮಾತ್ರ ಅತ್ತೆ, ಸುಳ್ಳ್ಯಾಕೆ."

ಈ ತಪ್ಪಿನ ಸುದ್ದಿ ಚಿಕ್ಕಮುನಿಯಮ್ಮನ ಕಿವಿಗೂ ಬಿತ್ತು. ಮಾರನೇ ಬೆಳಿಗ್ಗೆಯಿಂದಲೇ ಅವರು ಐದಾಗುವವರೆಗೆ ಒಲೆ ಹಚ್ಚುವುದನ್ನು ನಿಲ್ಲಿಸಿದರು. ಯಾರೂ ಕೇಳಿರಲಿಲ್ಲ. "ನನ್ ಒಲೆ ಬಿಸಿ ಇವ್ಳ ಪುಸ್ತಕಕ್ಕೆ ಯಾಕ್ ಬೇಕು? ಅರ್ಧ ಗಂಟೆ ತಡ ಆದ್ರೆ ಗಿರಾಕಿ ಬೈತಾರೆ. ಬೈಲಿ. ಅವ್ರೂ ಇಂಥ ಶೀಟ್ ಕೆಳ್ಗೇ ಬೇಯ್ತಿರೋರು, ಹೇಳುದ್ರೆ ಅರ್ಥಾಯ್ತದೆ," ಎನ್ನುತ್ತಾರೆ. ಅರ್ಥವಾಯಿತು ಕೂಡ. ಇಡ್ಲಿಗೆ ಕಾಯುತ್ತಿದ್ದವರಲ್ಲಿ ಇದೇ ವಠಾರದ ಆರು ಮನೆಯವರು ತಮ್ಮಲ್ಲೂ ಥರ್ಮಾಮೀಟರ್ ತೂಗುಹಾಕಲು ಮುಂದೆ ಬಂದರು. ಅಜ್ಜಿಯ ಗೋಡೆ ಬಿಟ್ಟು, ಒಲೆ ಬಿಟ್ಟು, ನಟ್ಟನಡುವೆ.

2025ರ ಜುಲೈನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು: ಹವಾಮಾನವನ್ನು ಹಾನಿಯಿಂದ ಕಾಪಾಡುವುದು ಸರ್ಕಾರಗಳ ಕಾನೂನುಬದ್ಧ ಹೊಣೆ, ಹೊಣೆ ಮರೆತರೆ ಅವು ಉತ್ತರ ಹೇಳಬೇಕಾಗುತ್ತದೆ. ಆ ಪ್ರಶ್ನೆ ಮೊದಲು ಎದ್ದದ್ದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳ ತರಗತಿಯಲ್ಲಿ. ಅದು ಬರೀ ಸಲಹೆ, ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು ಮೂಗು ಮುರಿಯುವವರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಏಸಿ ಕೋಣೆಯಲ್ಲಿ ಮಲಗುವವರು. ಆ ಏಸಿಯ ಬೆನ್ನು ಬಿಸಿಗಾಳಿ ಉಗುಳುವುದು ಯಾರ ಬೀದಿಗೆ ಎಂದು ಅವರು ಕಿಟಕಿ ತೆರೆದು ನೋಡಿಲ್ಲ. ಇಂಗಾಲ ಸುಟ್ಟು ಸಿರಿವಂತರಾದವರು ಒಂದು ಕಡೆ, ಆ ಬಿಸಿಯನ್ನು ನೆತ್ತಿಯ ಮೇಲೆ ಹೊತ್ತು ಮಲಗುವವರು ಇನ್ನೊಂದು ಕಡೆ. ಈ ಅನ್ಯಾಯಕ್ಕೆ ಅಂಕಿಯ ಪುರಾವೆ ಕೇಳುವ ಜಗತ್ತಿಗೆ ಶೈಲಜಾ ಅಂಕಿಯನ್ನೇ ಕೊಡುತ್ತಿದ್ದಾರೆ.

ಆ ಅಭಿಪ್ರಾಯವನ್ನೇ ಆಧಾರವಾಗಿಟ್ಟುಕೊಂಡ ಎರಡನೇ ಮನವಿ ಈ ತಿಂಗಳ ಕೊನೆಗೆ ಹೋಗಲಿದೆ. ಏಳು ಕೋಣೆಗಳ ಇಡೀ ಬೇಸಿಗೆ ಅದರಲ್ಲಿರುತ್ತದೆ. ಸಾಕ್ಷ್ಯ ಸಂಗ್ರಹಿಸುವುದು ಹೇಗೆಂದು ಬೇರೆ ದೇಶಗಳ ಗೆಳೆಯರಿಗೆ ಹೇಳಿಕೊಡುವಾಗ ಸಮನ್ವಿತಾ ಈಗ ಮೊದಲು ತೋರಿಸುವುದು ಕೆಂಪು ಗೆರೆಯ ಆ ಹಳೆಯ ಪುಟಗಳನ್ನು. ಅದನ್ನು ಕೇಳಿ ಶೈಲಜಾ ನಾಚುತ್ತಾರೆ. "ನಂಗೇನೂ ದೊಡ್ಡ ಆಸೆ ಇಲ್ಲ ಸಾರ್. ಎದುರು ಕಡೆ ಲಾಯರ್ ಎದ್ದು ನಿಂತು, 'ಈ ಹುಡುಗಿ ಜಾಸ್ತಿ ಮಾಡಿ ಬರ್ದಿದಾಳೆ' ಅನ್ನೋಕೆ ಒಂದು ಅಂಕೀನೂ ಸಿಗ್ಬಾರ್ದು. ಅಷ್ಟು ಸಾಕು."

ನಾನು ಎರಡನೇ ಸಲ ವಠಾರಕ್ಕೆ ಹೋದಾಗಲೂ ಬೆಳಗಿನ ಐದು. ಹಿಂದಿನ ಸಂಜೆ ಜೋರು ಮಳೆ ಬಿದ್ದು ಶೀಟು ಇನ್ನೂ ತೊಟ್ಟಿಕ್ಕುತ್ತಿದೆ. ಥರ್ಮಾಮೀಟರಿನಲ್ಲಿ 24.2, ಈ ಬೇಸಿಗೆಯಲ್ಲೇ ಅತಿ ಕಡಿಮೆ. ಹೊಸ್ತಿಲಾಚೆಯಿಂದ ಇಣುಕಿದ ಚಿಕ್ಕಮುನಿಯಮ್ಮ, "ಇವತ್ತಿಂದು ಬಿಟ್ಬುಡಮ್ಮೀ, ನಿನ್ ಕೇಸ್‌ಗೇ ಏಟು," ಎಂದು ಕೆಣಕುತ್ತಾರೆ.

ಶೈಲಜಾ ಅಂಕಿ ಬರೆದು ಮುಗಿಸುತ್ತಾರೆ. "ಇವತ್ತು ತಂಪಿತ್ತು ಅಂತ ಬರೆದ್ರೇನೇ ಅಜ್ಜಿ, ನಿನ್ನೆ ಬೆಂದ್ವಿ ಅಂತ ಬರ್ದಿದ್ದನ್ನ ನಂಬ್ತಾರೆ."

ಮೂಲೆಯಲ್ಲಿ ಈರಪ್ಪ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಾರೆ. ಶೈಲಜಾ ಮೊಬೈಲ್ ಬೆಳಕನ್ನು ಅಂಗೈಯಲ್ಲಿ ಮುಚ್ಚಿ, ದನಿ ತಗ್ಗಿಸಿ ಹೇಳುತ್ತಾರೆ: "ಹಚ್ಕೊ ಅಜ್ಜಿ. ಪಾತ್ರೆ ಸದ್ದು ಮಾಡ್ಬೇಡ. ಅಪ್ಪಂಗೆ ನಿದ್ದೆ ಬಂದಿದೆ."