ಎಣ್ಣೆ ಕುಡಿದ ಏರ್‌ಗನ್

ಬಾಳಗಡಿಯ ಕಾಲೇಜು ಹುಡುಗಿಯರಿಗೆಲ್ಲ ಟೈಲರ್ ಅಂಬಿಕಾ ಗೊತ್ತು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮೆಷಿನ್ನು. ಗಂಡ ದೇವರಾಜ ಕೊಪ್ಪ–ಶೃಂಗೇರಿ ಖಾಸಗಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಹಗಲಿಡೀ ಮನೆಯಲ್ಲಿ ಅವಳೊಬ್ಬಳು, ಹಿತ್ತಲಲ್ಲಿ ಮಂಗಗಳು.

ಪಪ್ಪಾಯಿ ಕಚ್ಚಿ ಎಸೆದದ್ದನ್ನು, ಹೆಂಚು ಸರಿಸಿದ್ದನ್ನು ಅವಳು ಸಹಿಸಿಕೊಂಡಿದ್ದಳು. ಗಿರಾಕಿಯೊಬ್ಬಳ ಮದುವೆಯ ರವಿಕೆಯನ್ನೇ ಕಿಟಕಿಯಿಂದ ಎಳೆದುಕೊಂಡು ಹೋದಾಗ ಮಾತ್ರ ಅತ್ತುಬಿಟ್ಟಳು. ಮರುವಾರ ದೇವರಾಜ ಶಿವಮೊಗ್ಗದಿಂದ ಹಳೆಯ ಏರ್‌ಗನ್ ಒಂದನ್ನು ತಂದ. ನಳಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಹಿಂದಕ್ಕೆ ಸರಿದು ಕೂರುತ್ತದೆ. ಟ್ರಿಗರ್ ಎಳೆದರೆ ಮುಂದಕ್ಕೆ ಚಿಮ್ಮಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಸೀಸದ ಸಣ್ಣ ಗುಂಡನ್ನು ತಳ್ಳುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ.

ಹಲಸಿನ ಮರಕ್ಕೆ ತಗಡೊಂದನ್ನು ಕಟ್ಟಿ ಅವನು ಹೇಳಿದ: "ಮಂಗಕ್ಕೆ ಹೊಡಿಬೇಡ ಮಾರಾಯ್ತಿ. ತಗಡಿಗೆ ಹೊಡಿ, ಸದ್ದಿಗೇ ಓಡ್ತವೆ."

ಓಡಿದವು ಕೂಡ. ಆದರೆ ಕೆಲವು ತಿಂಗಳಲ್ಲಿ ಏರ್‌ಗನ್ ಬಗ್ಗಿಸುವಾಗ ಕಿರುಗುಟ್ಟತೊಡಗಿತು, ಹೊಡೆದಾಗ ಒಳಗೆಲ್ಲೋ ಟೊಂಯ್ ಎನ್ನುತ್ತಿತ್ತು. ಕಿರುಗುಟ್ಟುವ ಯಂತ್ರಕ್ಕೆ ಎಂತ ಮಾಡಬೇಕೆಂದು ಅಂಬಿಕಾಳಿಗೆ ಗೊತ್ತಿತ್ತು. ಮೆಷಿನ್ ಎಣ್ಣೆಯ ಡಬ್ಬಿ ತಂದು, ಕಂಡ ತೂತಿಗೆಲ್ಲ ಧಾರಾಳವಾಗಿ ಬಿಟ್ಟಳು.

ಮರುದಿನ ತಗಡಿಗೆ ಗುರಿಯಿಟ್ಟು ಹೊಡೆದರೆ ಢಂ ಎಂದಿತು! ನಳಿಗೆಯಿಂದ ಹೊಗೆ ಬಂತು. ಮಂಗಗಳು ಚೆಲ್ಲಾಪಿಲ್ಲಿಯಾದವು. ತಗಡು ಮಾತ್ರ ಅಲುಗಲಿಲ್ಲ. ಮರದಾಚೆ, ಪಕ್ಕದ ಮನೆಯ ಮೇಲೆ ಗಾಜು ಒಡೆದ ಸದ್ದಾಯಿತು.

ಪಕ್ಕದ ಮನೆಯ ವನಮಾಲಾ ಓಡಿ ಬಂದರು. "ಎಂತ ಅಂಬಿಕಾ, ಪಟಾಕಿ ಹೊಡ್ದ್ಯಾ? ನಮ್ಮ ಸೋಲಾರಿನ ಗಾಜು ಹೋಯ್ತು!"

"ಪಟಾಕಿ ಅಲ್ಲ ವನಮಾಲಕ್ಕ, ಏರ್‌ಗನ್ನು."

"ಏರ್‌ಗನ್ನಲ್ಲಿ ಹೊಗೆ ಬತ್ತದಾ?"

ಅಂಬಿಕಾ ಬಂದೂಕನ್ನೊಮ್ಮೆ, ಒಡೆದ ಗಾಜನ್ನೊಮ್ಮೆ ನೋಡಿದಳು. ತಾನು ಹೊಡೆದದ್ದು ಹಲಸಿನ ಮರದ ಕಡೆಗೇ ತಾನೇ? ಆ ಚಾವಣಿಯ ಮೇಲೆ ಯಾರಾದರೂ ಬಟ್ಟೆ ಒಣಹಾಕುತ್ತಿದ್ದರೆ? ಬಂದೂಕನ್ನು ಗೋಡೆಗೆ ಒರಗಿಸಿದಳು. ಗಾಜು ಹಾಕಿಸಿಕೊಡುತ್ತೇವೆ ಎಂದಳು.

ಸಂಜೆ ದೇವರಾಜ ನಳಿಗೆ ಮೂಸಿ ನೋಡಿದ. "ಒಳಗೆ ಎಂತ ಹಾಕಿದ್ದೆ?"

"ಎಣ್ಣೆ. ಕಿರುಗುಟ್ಟಿದ್ರೆ ಮತ್ತೆಂತ ಹಾಕೋದು?"

"ಆ ಎಣ್ಣೆಯೇ ಹೊತ್ಕೊಂಡಿದ್ದು. ಗಾಳಿ ಜೋರಾಗಿ ಒತ್ತಿದ್ರೆ ಕಾಯ್ತದೆ."

"ಬೆಂಕಿಯೇ ಇಲ್ದೆ?"

"ನನ್ನ ಬಸ್ಸಿನ ಡೀಸೆಲ್ ಎಂಜಿನ್ ಓಡೋದೂ ಹಂಗೇ."

ಬಸ್ಸು ಹಾಗೆ ಓಡುವುದಾದರೆ ಅದು ಯಾಕೆ ಢಂ ಎನ್ನುವುದಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ಅವನ ರಜೆಯ ದಿನ ಇಬ್ಬರೂ ಫೋನಿನಲ್ಲಿ ವೀಡಿಯೊ ನೋಡುತ್ತ ಅದನ್ನು ಬಿಚ್ಚಿದರು. ಸ್ಪ್ರಿಂಗು ಹಾರಿ ಮುಖಕ್ಕೆ ಬಡಿಯದಂತೆ ಅವನು ಹಲಗೆಯಿಂದ ಒತ್ತಿ ಹಿಡಿದ. ಅವಳು ಮೆಲ್ಲಗೆ ಪಿನ್ನು ತೆಗೆದಳು. ಗಾಳಿ ತಡೆಯುವ ಚರ್ಮದ ವಾಷರ್ ಕರಿಹಿಡಿದು ಮುದುಡಿತ್ತು. ಅಂಬಿಕಾ ಹಳೆಯ ಬ್ಯಾಗಿನ ಚರ್ಮದಲ್ಲಿ ಅದೇ ಅಳತೆಯದನ್ನು ಕತ್ತರಿಸಿದಳು. ಎಣ್ಣೆ ಬೇಡ ಎಂದು ಅವನು ಹೇಳಿದ್ದಕ್ಕೆ ಹಳೆ ಎಣ್ಣೆಯನ್ನೆಲ್ಲ ಒರೆಸಿ ಒರೆಸಿ ತೆಗೆದಳು.

"ಈಗ ಆ ಚರ್ಮಕ್ಕೆ ಒಂಚೂರು ಎಣ್ಣೆ ಸವರು," ಎಂದ ದೇವರಾಜ.

"ಈಗಷ್ಟೇ ಎಣ್ಣೆ ಬೇಡ ಅಂದ್ರಿ!"

"ಜಾಸ್ತಿ ಬೇಡ ಅಂದಿದ್ದು. ಒಣಗಿದ್ರೆ ಗಾಳಿ ನಿಲ್ಲಲ್ಲ. ಸ್ಪ್ರಿಂಗಿಗೆ ಬೇರೆ, ತೆಳ್ಳಗೆ ಗ್ರೀಸು."

"ಜಾಸ್ತಿ ಅಂದ್ರೆ ಎಷ್ಟು?"

ಅವನು ವೀಡಿಯೊವನ್ನು ಮತ್ತೆ ಹಿಂದಕ್ಕೆ ಓಡಿಸಿದ.

ಜೋಡಿಸಿದ ಮೇಲೆ ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಯಿತು. ಅವನು ನಳಿಗೆಯನ್ನು ಬೈದ, ಅವಳು ತನ್ನ ಕಣ್ಣನ್ನು ಬೈದುಕೊಂಡಳು. ಕೊನೆಗೆ ನೋಡಿದರೆ ಮರದ ಹಿಡಿಯ ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿ, ಗುರಿ ಹೊಂದಿಸುವ ತಿರುಪನ್ನು ತುಸು ತಿರುಗಿಸಿದ್ದೇ ತಗಡು ಟಣ್ ಎಂದಿತು. ಮತ್ತೆ ಹೊಡೆದರೆ ಮತ್ತೆ ಟಣ್. ಅಂಬಿಕಾ ಮಗುವಿನಂತೆ ನಕ್ಕಳು.

ನಗು ಬಹಳ ದಿನ ಉಳಿಯಲಿಲ್ಲ. ತಗಡಿನ ಸದ್ದು ಮಂಗಗಳಿಗೆ ರೂಢಿಯಾಗಿ ಹೋಯಿತು. ಒಂದು ಮಧ್ಯಾಹ್ನ ದಪ್ಪ ಗಡವ ಮಂಗವೊಂದು ಪಪ್ಪಾಯಿ ಮರದಡಿ ಕುಳಿತು, ಅವಳನ್ನೇ ನೋಡುತ್ತ ಹಣ್ಣು ಸುಲಿಯಿತು. ಅವಳಿಗೆ ರೋಸಿಹೋಯಿತು. ಬಂದೂಕೆತ್ತಿ ನೇರ ಅದರ ಎದೆಗೆ ಗುರಿಯಿಟ್ಟಳು. ಗುರಿ ಕೂಡಿತು. ಕೈ ಅಲುಗಲಿಲ್ಲ. ಟ್ರಿಗರ್ ಎಳೆದರೆ ಖಂಡಿತ ತಾಗುತ್ತದೆ ಎಂದು ತಿಳಿದದ್ದೇ ಬೆರಳನ್ನು ಟ್ರಿಗರಿನಿಂದ ತೆಗೆದಳು. ಬಂದೂಕನ್ನು ಕೆಳಗಿಳಿಸಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಗಡವ ಹಣ್ಣು ಮುಗಿಸಿ, ಬೀಜ ಉಗುಳಿ, ನಿಧಾನವಾಗಿ ಬೇಲಿ ಹಾರಿತು.

ದೇವರಾಜ ಬಂದ ಕೂಡಲೇ ಹೇಳಿದಳು: "ಇದನ್ನ ಯಾರಿಗಾದ್ರೂ ಕೊಟ್ಬಿಡಿ ಮಾರಾಯ್ರೆ."

"ಯಾಕೆ, ಮತ್ತೆ ಕೆಟ್ಟೋಯ್ತಾ?"

"ಇಲ್ಲ. ಸರಿಯಾಗಿದೆ. ಗುರಿ ತಪ್ಪೋದೇ ಇಲ್ಲ."

"ಅದಕ್ಕೇ ಅಲ್ವಾ ಅಷ್ಟು ಕಷ್ಟಪಟ್ಟು ರಿಪೇರಿ ಮಾಡಿದ್ದು?"

"ಹೌದಲ್ವಾ," ಎಂದಳು ಅಂಬಿಕಾ. ಬಂದೂಕನ್ನು ತಂದು ಅವನ ಕೈಗಿಟ್ಟಳು. ಅವಳು ಚಹಾಕ್ಕೆ ನೀರಿಡಲು ಒಳಗೆ ಹೋದಳು.