ನಾನೂರ ಹದಿನೇಳನೇ ಪುಟದ ಬಾತುಕೋಳಿ

ನಮ್ಮಕ್ಕ ಎಣಿಸುವ ಕೆಲಸದವಳು. ಒಂದು ವೈದ್ಯಕೀಯ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದಾಳೆ. ಮೊದಲ ಇಪ್ಪತ್ತು ವರ್ಷ ಜರ್ನಲ್‌ಗಳಿಗೆ ರಟ್ಟು ಕಟ್ಟಿಸಿ ಕಪಾಟಿಗೆ ಏರಿಸುವುದಷ್ಟೇ ಅವಳ ಪಾಲಿಗಿತ್ತು. ಆಗ ಅವಳನ್ನು ಮಾತಾಡಿಸುವವರೇ ಇರಲಿಲ್ಲ. ಆಮೇಲೆ ಯಾರಿಗೋ ವಿಜ್ಞಾನಿಗಳನ್ನು ಅಳೆಯಬೇಕು ಅಂತ ಹೊಳೆಯಿತು.

ಅಳೆಯುವ ಬಗೆ ಬಹಳ ಸುಲಭ. ಒಬ್ಬ ವಿಜ್ಞಾನಿ ಬರೆದ ಪ್ರಬಂಧವನ್ನು ಇನ್ನೊಬ್ಬ ತನ್ನ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಹೆಸರಿಸಿದರೆ ಅದೊಂದು ಉಲ್ಲೇಖ. ಉಲ್ಲೇಖ ಎಷ್ಟು ಹೆಚ್ಚೋ ವಿಜ್ಞಾನಿ ಅಷ್ಟು ದೊಡ್ಡವನು. ನಾನು ಮೊಳೆ, ಬೋಲ್ಟು, ಬೀಗ ಮಾರುವವನು. ತೂಕ ನೋಡಿ ಬೆಲೆ ಕಟ್ಟುವುದು ನನಗೆ ಹೊಸದಲ್ಲ. ಆದರೆ ನನ್ನ ಗಿರಾಕಿ ಮೊಳೆ ಗೋಡೆಗೆ ಇಳಿಯುತ್ತದೋ ಇಲ್ಲವೋ ಅಂತಲೂ ನೋಡುತ್ತಾನೆ. ಅವರಿಗೆ ಆ ಕಾಟವಿಲ್ಲ.

ಕಂಪ್ಯೂಟರು ಲೆಕ್ಕ ಕೊಡುತ್ತದೆ, ಅದನ್ನು ಅಕ್ಕ ಪರಿಶೀಲಿಸಿ ಸಹಿ ಹಾಕಬೇಕು. ಬೇರೆಯವರಾಗಿದ್ದರೆ ಕಂಪ್ಯೂಟರು ಹೇಳಿದ ಸಂಖ್ಯೆಯ ಕೆಳಗೆ ಸಹಿ ಗೀಚಿ ಊಟಕ್ಕೆ ಏಳುತ್ತಿದ್ದರು. ಅಕ್ಕ ಹಾಗಲ್ಲ. ಒಂದೊಂದು ಪ್ರಬಂಧವನ್ನೂ ತೆಗೆದು, ಕೊನೆಯ ಪಟ್ಟಿಯಲ್ಲಿ ಬೆರಳಿಟ್ಟು ನೋಡಿ, ಪೆನ್ಸಿಲ್ಲಿನಲ್ಲಿ ಗೀಟು ಎಳೆದ ಮೇಲೆಯೇ ಮುಂದಿನದು. ಹೀಗಾಗಿ ಸಂಸ್ಥೆಯಲ್ಲಿ ಅವಳ ಬೆಲೆ ಏಕಾಏಕಿ ಏರಿತು. ಹತ್ತು ವರ್ಷ ಎದುರಿಗೆ ಸಿಕ್ಕರೂ ಗೋಡೆ ನೋಡಿಕೊಂಡು ಹೋಗುತ್ತಿದ್ದ ದೊಡ್ಡವರೆಲ್ಲ ಅವಳ ಮಂಡಿನೋವು ವಿಚಾರಿಸತೊಡಗಿದರು. ಹೃದ್ರೋಗದ ತಜ್ಞರೊಬ್ಬರು ಹೂವಿನ ಕುಂಡ ತಂದುಕೊಟ್ಟರು. ಅಕ್ಕ ಕುಂಡ ಇಟ್ಟುಕೊಂಡು ಅವರ ಲೆಕ್ಕದಲ್ಲಿ ಒಂಬತ್ತು ಕಡಿಮೆ ಮಾಡಿದಳು. ಆ ಒಂಬತ್ತನ್ನು ಕಂಪ್ಯೂಟರು ಎರಡೆರಡು ಸಲ ಎಣಿಸಿತ್ತು.

ಅದೇ ಸಂಸ್ಥೆಯಲ್ಲಿ ನಮ್ಮ ಭಾವನೂ ಇದ್ದಾರೆ. ಇಲಿಗಳ ಪಿತ್ತಜನಕಾಂಗದ ಮೇಲೆ ಸಂಶೋಧನೆ. ಒಳ್ಳೆಯ ಮನುಷ್ಯ, ಬುದ್ಧಿಗೆ ಕೊರತೆಯಿಲ್ಲ, ಆದರೆ ಮೂವತ್ತು ವರ್ಷವಾದರೂ ಪ್ರೊಫೆಸರ್ ಆಗಲಿಲ್ಲ. ಅವರ ಕೈಯಲ್ಲಿ ಕಲಿತ ಹುಡುಗ ಹೋದ ವರ್ಷ ಆದ. ಅಂದಿನಿಂದ ಭಾವ ರಜೆಚೀಟಿ ಹಿಡಿದುಕೊಂಡು ಅವನ ಬಾಗಿಲಲ್ಲಿ ನಿಲ್ಲಬೇಕು. ಅವನು "ಅಯ್ಯೋ ಬನ್ನಿ ಸಾರ್, ಕೂತ್ಕೊಳ್ಳಿ" ಅಂತ ಎದ್ದು ನಿಲ್ಲುತ್ತಾನಂತೆ. ಅದು ಭಾವನಿಗೆ ಇನ್ನೂ ಉರಿ. ಆ ಒಂದು ವರ್ಷದಲ್ಲಿ ಅವರು ಜ್ವರ ಬಂದರೂ ರಜೆ ಹಾಕಲಿಲ್ಲ.

ಬಡ್ತಿಗೆ ಇನ್ನೂರೈವತ್ತು ಉಲ್ಲೇಖ ಬೇಕು. ಭಾವನಿಗೆ ಬರುವ ತಿಂಗಳು ಐವತ್ತೆಂಟು ತುಂಬುತ್ತದೆ. ಆಮೇಲೆ ಅರ್ಜಿಯನ್ನೇ ಮುಟ್ಟುವುದಿಲ್ಲ. ಸಮಿತಿ ಸೇರುವುದು ಶುಕ್ರವಾರ. ಕಂಪ್ಯೂಟರು ಇನ್ನೂರ ಅರವತ್ತು ಅಂದಿತ್ತು. ಭಾವ ಹೊಸ ಷರಟು ಹೊಲಿಸಿಕೊಂಡಿದ್ದರು.

ಗಂಡನ ಲೆಕ್ಕ ತಾನು ಮಾಡುವುದು ಸರಿಯಲ್ಲ ಅಂತ ಅಕ್ಕ ನಿರ್ದೇಶಕರಿಗೆ ಬರೆದುಕೊಟ್ಟಳು. ಅವರು ನಕ್ಕುಬಿಟ್ಟರು. "ನಿಮ್ಮ ಪೆನ್ಸಿಲ್ಲಿಗೆ ಮದುವೆ ಆಗಿಲ್ಲಮ್ಮ, ಎಲ್ಲರಿಗೂ ಗೊತ್ತು. ಮಾಡಿ."

ಮಾಡಿದಳು. ಸೋಮವಾರ ಸಂಜೆ ನಾನು ಅವರ ಮನೆಯ ಹಿಂಬಾಗಿಲಿಗೆ ಚಿಲಕ ಹಾಕಿಕೊಡಲು ಹೋದಾಗ ಗಂಡ ಹೆಂಡಿರ ಮಧ್ಯೆ ಒಂದು ಹಾಳೆ ಬಿದ್ದಿತ್ತು.

"ಐವತ್ತೇಳು ಕಳೆದಿದೀಯ!" ಅಂದರು ಭಾವ.

"ಐವತ್ತೇಳೂ ನೀವೇ ನಿಮ್ಮ ಬಗ್ಗೆ ಬರ್ಕೊಂಡಿರೋದು. ಸ್ವಂತದ್ದು ಎಣಿಸೋ ಹಾಗಿಲ್ಲ ರೀ, ಹೊಸ ನಿಯಮ."

"ನನ್ನ ಕೆಲಸ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?"

"ಅದಕ್ಕೇ ಬೇರೆಯವರನ್ನ ಕೇಳ್ತಾ ಇರೋದು."

ಉಳಿದದ್ದು ಇನ್ನೂರ ಮೂರು. ಭಾವ ನನ್ನ ಕಡೆ ತಿರುಗಿ, "ನೋಡಪ್ಪ, ನಿಮ್ಮಕ್ಕನ್ನ ಕಟ್ಕೊಂಡ ಮೇಲೆ ಬೇರೆ ಶತ್ರು ಬೇಕಾ ನಂಗೆ?" ಅಂದರು. ನಾನು ಚಿಲಕದ ತಿರುಪು ಬಿಗಿಮಾಡುತ್ತಾ, "ನಾವು ಕೊಡೋವಾಗ ಏನನ್ನೂ ಮುಚ್ಚಿಟ್ಟಿರಲಿಲ್ಲ ಭಾವ" ಅಂದೆ.

ಮಂಗಳವಾರ ಅಕ್ಕ ನಿರ್ದೇಶಕರ ಪಟ್ಟಿ ನೋಡುತ್ತಿದ್ದಳು. ಅವರಿಗೂ ವರ್ಷಕ್ಕೊಮ್ಮೆ ಅಳತೆಯಿದೆ. ಸ್ವಂತದ್ದು ಕಳೆಯಲು ತೆಗೆದ ಅವರದೇ ಪ್ರಬಂಧವೊಂದರ ಕೊನೆಯಲ್ಲಿ ಭಾವನ ಹೆಸರು ಕಂಡಿತು. ಇಪ್ಪತ್ತೆರಡು ವರ್ಷದ ಹಿಂದೆ ಭಾವ ಬರೆದ, ಅವರ ಅತಿ ದೊಡ್ಡ ಪ್ರಬಂಧ. ಆದರೆ ಈ ಉಲ್ಲೇಖ ಭಾವನ ಲೆಕ್ಕದಲ್ಲಿ ಇರಲಿಲ್ಲ. ಯಾಕೆ ಅಂತ ಬೆರಳಿಟ್ಟು ನೋಡಿದಳು. ಭಾವನ ಪ್ರಬಂಧ ಶುರುವಾಗುವುದು ಆ ಜರ್ನಲ್ಲಿನ ನಾನೂರ ಎಪ್ಪತ್ತೊಂದನೇ ಪುಟದಲ್ಲಿ. ನಿರ್ದೇಶಕರು ಹಾಕಿದ್ದು ನಾನೂರ ಹದಿನೇಳು.

ಅಕ್ಕ ಏಣಿ ಹತ್ತಿ ಆ ಸಂಪುಟ ಇಳಿಸಿ, ಧೂಳು ಕೊಡವಿ, ನಾನೂರ ಹದಿನೇಳನೇ ಪುಟ ತೆಗೆದಳು. ಅಲ್ಲಿ ಬಾತುಕೋಳಿಯ ಹೊಟ್ಟೆಯ ಹುಳುಗಳ ಬಗ್ಗೆ ಒಬ್ಬ ಪಶುವೈದ್ಯರ ಲೇಖನ ಶುರುವಾಗಿತ್ತು. ಕಂಪ್ಯೂಟರಿಗೆ ಜರ್ನಲ್ಲು, ಸಂಪುಟ, ಪುಟ ಇಷ್ಟಿದ್ದರೆ ಸಾಕು, ಹೆಸರು ಓದುವ ಗೊಡವೆಗೆ ಹೋಗುವುದಿಲ್ಲ. ಭಾವನಿಗೆ ಬರಬೇಕಾದ ಉಲ್ಲೇಖವನ್ನು ಅದು ಬಾತುಕೋಳಿಗೆ ಜಮಾ ಮಾಡಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಮಾಲು ಪಕ್ಕದ ಅಂಗಡಿಗೆ ಇಳಿದಿತ್ತು.

ಒಂದಲ್ಲ, ಎರಡಲ್ಲ. ಬುಧವಾರದ ಹೊತ್ತಿಗೆ ಅಕ್ಕ ಬಾತುಕೋಳಿಯ ಲೆಕ್ಕ ಪೂರ್ತಿ ಬಗೆದು ಅರವತ್ತನಾಲ್ಕು ಹೆಕ್ಕಿದ್ದಳು. ಅರವತ್ತನಾಲ್ಕು ಕಡೆಯೂ ಭಾವನ ಹೆಸರೇ, ಅರವತ್ತನಾಲ್ಕು ಕಡೆಯೂ ನಾನೂರ ಹದಿನೇಳೇ. ಇನ್ನೂರ ಮೂರಕ್ಕೆ ಸೇರಿಸಿದರೆ ಇನ್ನೂರ ಅರವತ್ತೇಳು. ನನಗೆ ಫೋನ್ ಮಾಡಿ ಸಂಜೆ ಬಾ ಅಂದಳು. ಚಿಲಕ ಸರಿಯಾಗಿ ಬೀಳುತ್ತಿಲ್ಲ ಅನ್ನುವುದು ನೆಪ. ಜೊತೆಗೊಬ್ಬ ಸಾಕ್ಷಿ ಬೇಕಿತ್ತು.

ಭಾವ ಕುಣಿಯುವುದೊಂದು ಬಾಕಿ. "ನೋಡಿದ್ಯಾ! ಅಂತೂ ಪ್ರಪಂಚ ನನ್ನ ಓದಿದೆ!"

"ಓದಿಲ್ಲ" ಅಂದಳು ಅಕ್ಕ. "ಓದೋಕೆ ಅಂತ ಪುಸ್ತಕ ತೆಗೆದಿದ್ರೆ ಬಾತುಕೋಳಿ ಸಿಗ್ತಿತ್ತಲ್ಲ. ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಹಾಗೇ ಇಳಿಸ್ಕೊಂಡಿದಾರೆ, ಅವರಿಂದ ಮತ್ತೊಬ್ಬರು. ಇದರಲ್ಲಿ ನಿಮ್ಮ ನಿರ್ದೇಶಕರು ಮೂರು ಸಲ ಇದಾರೆ. ಸಮಿತಿಗೆ ಹೊರಗಿನಿಂದ ಬರೋ ಆ ಹಿರಿಯ ಡಾಕ್ಟ್ರು ಒಂದು ಸಲ."

ಭಾವನ ಮುಖ ಇಳಿಯಿತು. "ಹಾಗಾದ್ರೆ ಸಂಖ್ಯೆ ಮಾತ್ರ ಹಾಕೇ. ಪಟ್ಟಿ ಯಾಕೆ?"

"ಪಟ್ಟಿ ಇಲ್ಲದ ಸಂಖ್ಯೆಗೆ ನಾನು ಸಹಿ ಹಾಕಲ್ಲ."

"ಅವರ ಮುಖಕ್ಕೇ ಹಿಡೀತೀಯಾ, ನೀವು ಓದದೇ ಬರೆದೋರು ಅಂತ? ಆಮೇಲೆ ಬಡ್ತಿ ಕೊಡ್ತಾರಾ ಅವರು?"

"ಪಟ್ಟಿ ಬೇಡ ಅಂದ್ರೆ ಇನ್ನೂರ ಮೂರೇ ಇರ್ಲಿ. ನಿಮ್ಮಿಷ್ಟ."

ಭಾವ ಕೋಣೆಯಲ್ಲಿ ಎರಡು ಸುತ್ತು ಹಾಕಿದರು. ಆಮೇಲೆ ಅವರ ಸಿಟ್ಟು ಬೇರೆ ದಾರಿ ಹಿಡಿಯಿತು. "ಅಲ್ಲ, ಈ ತಪ್ಪು ಮೊದಲು ಶುರು ಮಾಡಿದ ಮಹಾನುಭಾವ ಯಾರು? ಅವನ ಕಿವಿ ಹಿಂಡಬೇಕು."

ಅಕ್ಕ ಪೆನ್ಸಿಲ್ ಕೆಳಗಿಟ್ಟಳು. ಅವಳು ಪೆನ್ಸಿಲ್ ಕೆಳಗಿಟ್ಟರೆ ಎದುರಿನವರು ಹುಷಾರಾಗಬೇಕು. ಚಿಕ್ಕಂದಿನಿಂದ ನನಗೆ ಗೊತ್ತು. ಭಾವ ಮತ್ತೆ ಕೇಳಿದರು. ಅವಳು ಕೈಚೀಲದಿಂದ, ಆ ಅರವತ್ತನಾಲ್ಕರಲ್ಲಿ ಸೇರಿಸದ ಹಳೆಯ ಪ್ರಬಂಧವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಭಾವನದೇ ಇನ್ನೊಂದು ಪ್ರಬಂಧ, ಆ ದೊಡ್ಡದಕ್ಕಿಂತ ಮೂರು ವರ್ಷ ಈಚಿನದು. ಕೊನೆಯ ಪಟ್ಟಿಯಲ್ಲಿ ತಮ್ಮದೇ ಆ ದೊಡ್ಡ ಪ್ರಬಂಧಕ್ಕೆ ಅವರು ಹಾಕಿದ್ದ ಪುಟ ನಾನೂರ ಹದಿನೇಳು.

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪುಟಸಂಖ್ಯೆ ಬದಲಾಗಲಿಲ್ಲ.

"ನೆನಪಿನಿಂದ ಬರೆದಿರಬೇಕು" ಅಂದರು.

"ಕಿವಿ ನೀವೇ ಹಿಂಡ್ಕೋತೀರೋ, ತಮ್ಮನನ್ನ ಕರೀಲೋ?" ಅಂದಳು ಅಕ್ಕ.

ನಾನು ಚಿಲಕವನ್ನು ಬಹಳ ಗಮನವಿಟ್ಟು ನೋಡುತ್ತಿದ್ದೆ.

ಭಾವ ಆ ಹಳೆಯ ಪ್ರಬಂಧವನ್ನು ಮಡಿಸಿ ಅಕ್ಕನ ಕೈಗಿಟ್ಟು, "ಪಟ್ಟಿ ಹಾಕು" ಅಂದರು. ರಜೆಚೀಟಿಗೆ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಇದು ವಾಸಿ ಅನ್ನಿಸಿರಬೇಕು.

ಅಕ್ಕನಿಗೆ ಇನ್ನೊಂದು ಕೊರಗು. ಬೇರೆಯವರ ಖಾತೆಯಿಂದ ಕೇಳದೆ ತೆಗೆಯುವುದು ಹೇಗೆ? ಬಾತುಕೋಳಿ ಡಾಕ್ಟರಿಗೆ ಇಮೇಲ್ ಬರೆದಳು. ಮರುದಿನವೇ ಉತ್ತರ ಬಂತು: "ಅಮ್ಮಾ, ನಾನು ನಿವೃತ್ತನಾಗಿ ಆರು ವರ್ಷ. ಪಿತ್ತಜನಕಾಂಗದವರು ನನ್ನ ಬಾತುಕೋಳಿಗಳ ಬಗ್ಗೆ ಇಷ್ಟು ಆಸಕ್ತಿ ಯಾಕೆ ತೋರಿಸುತ್ತಾರೆ ಎಂದು ಮೊದಲಿನಿಂದಲೂ ಆಶ್ಚರ್ಯವಿತ್ತು. ಕೇಳಿದರೆ ನಿಂತುಹೋದಾವು ಅಂತ ಕೇಳಲಿಲ್ಲ. ಧಾರಾಳವಾಗಿ ತೆಗೆದುಕೊಳ್ಳಿ. ಅವುಗಳ ಮೇಲೆ ನನಗೆ ಬಡ್ತಿ ಆಗಿದೆ, ಅದನ್ನು ಮಾತ್ರ ವಾಪಸು ಕೊಡಲಾರೆ."

ಶುಕ್ರವಾರ ಸಮಿತಿ ಅಕ್ಕನನ್ನು ಒಳಗೆ ಕರೆಯಿತು. ಮುಂದಿನದು ಅವಳೇ ಹೇಳಿದ್ದು. ನಿರ್ದೇಶಕರು ಪಟ್ಟಿಯ ಮೇಲೆ ಕಣ್ಣಾಡಿಸುತ್ತಾ ಬಂದವರು ತಮ್ಮ ಹೆಸರಿನ ಹತ್ತಿರ ನಿಂತರು. ಗಂಟಲು ಸರಿಮಾಡಿಕೊಂಡು, "ಈ ಪ್ರಬಂಧ ಓದಿದ ನೆನಪು ಚೆನ್ನಾಗಿದೆ ನನಗೆ. ಬಹಳ ಮುಖ್ಯವಾದ ಕೆಲಸ" ಅಂದರು.

"ಯಾವ ಪುಟದಲ್ಲಿ ಸಾರ್?" ಅಂದಳು ಅಕ್ಕ. ವಿನಯದಿಂದಲೇ ಕೇಳಿದೆ ಅನ್ನುತ್ತಾಳೆ. ಇರಬಹುದು.

ಹೊರಗಿನಿಂದ ಬಂದ ಹಿರಿಯ ಡಾಕ್ಟರು ತಮ್ಮ ಹೆಸರು ಹುಡುಕಿಕೊಂಡು, ಸಿಕ್ಕ ಮೇಲೆ ನೀರು ಕುಡಿದರು. ಆಮೇಲೆ, ಇದೆಲ್ಲ ಮುದ್ರಣದೋಷ, ಅಚ್ಚುಕೂಟದವರು ಅರವತ್ತನಾಲ್ಕು ಬೇರೆಬೇರೆ ಕಡೆ ಒಂದೇ ತಪ್ಪು ಮಾಡಿದ್ದಾರೆ ಅಂತ ತೀರ್ಮಾನವಾಯಿತು. ಅರವತ್ತನಾಲ್ಕನ್ನೂ ಸರ್ವಾನುಮತದಿಂದ ಒಪ್ಪಿಕೊಂಡರು. ತಳ್ಳಿಹಾಕಿದ್ದರೆ ತಮ್ಮ ಕೆಲಸವನ್ನೇ ತಳ್ಳಿದ ಹಾಗೆ. ಭಾವ ಪ್ರೊಫೆಸರ್ ಆದರು.

ಅದೇ ಸಭೆಯಲ್ಲಿ ಇನ್ನೊಂದು ನಿರ್ಣಯವೂ ಆಯಿತು. ಇನ್ನು ಮೇಲೆ ಕಂಪ್ಯೂಟರಿನ ಸಂಖ್ಯೆಯೇ ಅಂತಿಮ. ಅಳತೆಯ ನೆಪದಲ್ಲಿ ಲೈಬ್ರರಿಯ ಸಿಬ್ಬಂದಿ ಯಾರೂ ಪ್ರಬಂಧಗಳನ್ನು ತೆರೆಯತಕ್ಕದ್ದಲ್ಲ. ಅಕ್ಕನನ್ನು ಮತ್ತೆ ರಟ್ಟು ಕಟ್ಟಿಸುವ ಕೆಲಸಕ್ಕೆ ಹಾಕಿದರು. ಮರುವಾರದಿಂದ ಅವಳ ಮಂಡಿನೋವನ್ನು ಯಾರೂ ವಿಚಾರಿಸಲಿಲ್ಲ.

ಭಾನುವಾರ ಮಧ್ಯಾಹ್ನ ನಾನು ಹೋದಾಗ ಭಾವ ಸೋಫಾದಲ್ಲಿ ಪ್ರೊಫೆಸರಾಗಿ ಒರಗಿದ್ದರು. ಒಂದು ವರ್ಷದ ಮೇಲೆ ಸೋಮವಾರ ಮೊದಲ ಸಲ ರಜೆ ಹಾಕುವವರಿದ್ದರು. ಚೀಟಿಗೆ ತಾವೇ ಸಹಿ ಮಾಡಿಕೊಂಡು ಮೇಜಿನ ಮೇಲೆ ಕಾಣುವ ಹಾಗೆ ಇಟ್ಟಿದ್ದರು. ಅಕ್ಕ ಕಿಟಕಿಯ ಬಳಿ ಕೂತು ಭಾವನ ಆ ಇಪ್ಪತ್ತೆರಡು ವರ್ಷದ ಪ್ರಬಂಧ ಓದುತ್ತಿದ್ದಳು. ಆಫೀಸಿನಲ್ಲಿ ತೆರೆಯಬಾರದು ಅಂದಿದ್ದರು, ಮನೆಯಲ್ಲಿ ಅಂದಿರಲಿಲ್ಲ. ಇಷ್ಟು ವರ್ಷ ಅವಳೂ ಎಲ್ಲ ಪ್ರಬಂಧಗಳ ಕೊನೆಯ ಪಟ್ಟಿ ನೋಡಿದವಳೇ ಹೊರತು ಮೊದಲ ಸಾಲಿನಿಂದ ಯಾವುದನ್ನೂ ಓದಿದವಳಲ್ಲ.

"ರೀ," ಅಂದಳು, "ಇಲ್ಲಿ ನಲವತ್ತೆಂಟು ಇಲಿ ತಗೊಂಡೆ ಅಂತ ಬರೆದಿದೀರ. ಔಷಧಿ ಕೊಟ್ಟಿದ್ದು ಇಪ್ಪತ್ತನಾಲ್ಕಕ್ಕೆ, ಕೊಡದೇ ಇದ್ದಿದ್ದು ಇಪ್ಪತ್ಮೂರಕ್ಕೆ. ಇನ್ನೊಂದು ಎಲ್ಲಿ?"

ಭಾವ ನಿಧಾನಕ್ಕೆ ಎದ್ದು ಕೂತರು. ಸಿಕ್ಕಿಬಿದ್ದವನ ಮುಖ ಹೀಗಿರುವುದಿಲ್ಲ. ಅಂಗಡಿಯಲ್ಲಿ ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ.

"ಪಂಜರ ತೊಳೆಯೋವಾಗ ಓಡಿಹೋಯ್ತು ಕಣೇ. ಬರೆಯೋಕೆ ನಾಚಿಕೆ ಆಯ್ತು, ಬಿಟ್ಟೆ. ಯಾರಾದ್ರೂ ಕೇಳೇ ಕೇಳ್ತಾರೆ ಅಂತ ಉತ್ತರ ಬರೆದು ಆರು ತಿಂಗಳು ಇಟ್ಕೊಂಡಿದ್ದೆ. ದಿನಾ ಟಪಾಲು ನೋಡ್ತಿದ್ದೆ. ಇಷ್ಟು ಕಡೆ ಹೆಸರು ಹಾಕಿದ್ರು, ಒಬ್ಬರೂ ಕೇಳಲಿಲ್ಲ."

"ನಾನು ಕೇಳ್ತಾ ಇದೀನಲ್ಲ. ಗಂಡಿಲಿಯೋ, ಹೆಣ್ಣಿಲಿಯೋ?"

"ಆಹಾ, ಒಳ್ಳೇ ಪ್ರಶ್ನೆ!" ಅಂತ ಭಾವ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತರು.