ಸದ್ದಿಲ್ಲದ ಗೇರು

ಸೈಕಲ್ಲಿನ ಗೇರು ಕೈಕೊಟ್ಟರೆ ಬೇರೆಯವರು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಇಳಿಜಾರು ರಸ್ತೆಯ ತಿರುವಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಕಿವಿ ಮೇಸ್ತ್ರಿ ಮಾತ್ರ ಕಣ್ಣು ಮುಚ್ಚುತ್ತಿದ್ದ. ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಎತ್ತಿ, ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತ, ಇನ್ನೊಂದರಲ್ಲಿ ಗೇರಿನ ತಂತಿ ಬಿಗಿ ಮಾಡುತ್ತ ತಲೆ ಓರೆ ಮಾಡಿ ಕೂರುತ್ತಿದ್ದ. ಚೈನು ಪಕ್ಕದ ಹಲ್ಲುಚಕ್ರಕ್ಕೆ ತಾಗುತ್ತಿದ್ದರೆ ಟಿಕ್ ಟಿಕ್ ಅನ್ನುತ್ತದೆ. ಆ ಟಿಕ್ ಸಾಯುವವರೆಗೆ ಬಿಗಿ ಮಾಡುವುದು, ಸತ್ತ ಕೂಡಲೇ ಕೈ ಬಿಡುವುದು. ಇಷ್ಟೇ ಅವನ ವಿದ್ಯೆ. ಆ ಹೊತ್ತಿನಲ್ಲಿ ಯಾರಾದರೂ ಕೆಮ್ಮಿದರೂ ಸಿಡುಕುತ್ತಿದ್ದ. ಕಿವಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ.

ಈಚೆಗಂತೂ ಅವನ ಜಂಬಕ್ಕೆ ಕೊಂಬು ಮೂಡಿತ್ತು. ಮೊದಲೆಲ್ಲ ಒಂದೊಂದು ಸೈಕಲ್ಲಿನ ಜೊತೆಗೂ ಗುದ್ದಾಡಬೇಕಿತ್ತು. ಈಗ ತಂತಿ ಮುಟ್ಟಿದ್ದೇ ತಡ, ಟಿಕ್ ಮಾಯ. ಕೈ ಪಳಗಿದರೆ ಹೀಗೆಯೇ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ. ರಿಪೇರಿ ಮಾಡಿಸಿಕೊಂಡು ಹೋಗಿದ್ದ ಅಂಚೆಯವನು ಮತ್ತೆ ಬಂದು, ಸದ್ದು ಹೋಗಿಲ್ಲ ಎಂದು ದೂರಿದಾಗ ಮೇಸ್ತ್ರಿ ಪೆಡಲ್ ತಿರುಗಿಸಿ ಕೇಳಿದ. ಏನೂ ಇರಲಿಲ್ಲ. ಸದ್ದು ನಿಮ್ಮ ಮಂಡಿಯದ್ದಿರಬೇಕು, ವಯಸ್ಸಾಯಿತಲ್ಲ ಎಂದು ಸಾಗಹಾಕಿದ. ಅಂಚೆಯವನು ಮುಖ ಸಣ್ಣಗೆ ಮಾಡಿಕೊಂಡು ಹೋದ. ಅಂಗಡಿಯ ಹಿಂದೆಯೇ ಇದ್ದ ಮನೆಯ ಅಡುಗೆಕೋಣೆಯಲ್ಲಿ ಹೆಂಡತಿ ಈ ಮಾತು ಕೇಳಿ ನಕ್ಕಳು. ಅವಳಿಗೂ ಗಂಡನ ಕಿವಿಯೆಂದರೆ ಹೆಮ್ಮೆಯೇ.

ಮಗಳು ಆಸ್ಪತ್ರೆಯಲ್ಲಿ ನರ್ಸು. ದಿನವೂ ಅಂಗಡಿಯ ಮುಂದಿನ ಆ ಏರು ಹತ್ತಿಯೇ ಕೆಲಸಕ್ಕೆ ಹೋಗಬೇಕು. ಏರಿನಲ್ಲಿ ಗೇರು ಹಿಡಿಯುತ್ತಿಲ್ಲ ಎಂದು ಅವಳು ರಾತ್ರಿಪಾಳಿಗೆ ಹೊರಡುತ್ತ ಹೇಳಿದ ಸಂಜೆ ಮೇಸ್ತ್ರಿ ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡಿ ಕಳಿಸಿದ. ಸ್ವಲ್ಪ ಹೊತ್ತಿಗೇ ಅವಳು ವಾಪಸು ಬಂದಳು, ಕುಂಟುತ್ತ, ಸೈಕಲ್ಲು ತಳ್ಳಿಕೊಂಡು, ಮೊಣಕೈಗೆ ಕರವಸ್ತ್ರ ಸುತ್ತಿಕೊಂಡು. ದೊಡ್ಡ ಹಲ್ಲುಚಕ್ರಕ್ಕೆ ಏರಬೇಕಿದ್ದ ಚೈನು ಅದನ್ನೂ ದಾಟಿ, ಆಚೆ ಬಿದ್ದು, ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತಂತೆ. ಚಕ್ರ ಕಚ್ಚಿಕೊಂಡು ಅವಳು ನಡುರಸ್ತೆಗೆ ಬಿದ್ದಳು. ಹಿಂದೆ ಬರುತ್ತಿದ್ದ ಲಾರಿಯ ಟೈರು ಅವಳ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು.

ಮೇಸ್ತ್ರಿಗೆ ಸಿಟ್ಟು ಬಂತು, ಚೈನಿನ ಮೇಲೆ, ರಸ್ತೆಯ ಮೇಲೆ, ಲಾರಿಯವನ ಮೇಲೆ. ಹೆಂಡತಿ ಮಗಳ ಗಾಯ ತೊಳೆಯುತ್ತಿದ್ದಾಗ ಅವನು ಸೈಕಲ್ಲನ್ನು ಸ್ಟ್ಯಾಂಡಿಗೆ ಎತ್ತಿ, ಚೈನನ್ನು ಅದರ ಜಾಗಕ್ಕೆ ಕೂರಿಸಿ, ಕಣ್ಣು ಮುಚ್ಚಿ ಪೆಡಲ್ ತಿರುಗಿಸಿದ. ಗಾಳಿ ಬೀಸಿದ ಹಾಗೆ ಚಕ್ರ ತಿರುಗಿತು. ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದು ಮೇಸ್ತ್ರಿ ತಲೆಯೆತ್ತಿದ.

ಮಗಳು ಅವನನ್ನೇ ನೋಡುತ್ತಿದ್ದಳು. "ಅಪ್ಪ, ಗೇರು ಕಡ್ಡಿಗೆ ಬಡೀತಾ ಇದೆಯಲ್ಲ."

"ಎಲ್ಲಿ?"

"ಈಗ್ಲೂ ಬಡೀತಿದೆ. ನಿಂಗೆ ಕೇಳ್ತಾ ಇಲ್ವಾ?"

ತಮಾಷೆ ಅಂದುಕೊಂಡ. ಹೆಂಡತಿಯ ಕಡೆ ತಿರುಗಿದರೆ ಅವಳ ಮುಖವೂ ಬಿಳಿಚಿಕೊಂಡಿತ್ತು. ಮಗಳ ಕೈಗೆ ಪೆಡಲ್ ಕೊಟ್ಟು, ಚೈನಿಗೆ ತಾಗುವಷ್ಟು ಹತ್ತಿರ ಕಿವಿ ಒಡ್ಡಿದ. ಏನೂ ಇಲ್ಲ. ಕಣ್ಣು ಬಿಟ್ಟ. ಚೈನನ್ನು ಅತ್ತಿತ್ತ ಸರಿಸುವ ಗೇರಿನ ತೋಳು ಪ್ರತಿ ಕಡ್ಡಿಗೂ ತಾಗಿ ತಾಗಿ ನಡುಗುತ್ತಿತ್ತು. ಅದರ ಮೇಲೆ ಬೆರಳಿಟ್ಟ. ಹೊಡೆತ ಒಂದೊಂದೂ ಬೆರಳಿಗೆ ತಿಳಿಯಿತು, ಕಿವಿಗೆ ಒಂದೂ ತಿಳಿಯಲಿಲ್ಲ.

ಹೆಂಡತಿ ಹೊಸ್ತಿಲ ಮೇಲೆ ಕೂತಳು. "ರೀ, 'ಯಾಕಮ್ಮ ದಿನಾ ಗಂಡನ ಮೇಲೆ ಕೂಗಾಡ್ತೀಯ' ಅಂತ ಪಕ್ಕದ್ಮನೆಯವ್ರು ಕೇಳ್ತಿದ್ರು. ನಾನೆಲ್ಲಿ ಕೂಗಾಡ್ತೀನಿ ಅಂತ ಅವ್ರ ಜೊತೆ ಜಗಳಾನೇ ಆಡಿದ್ದೆ." ತನ್ನ ಗಂಟಲು ಯಾವಾಗ ಏರಿತೆಂದು ಅವಳಿಗೇ ಗೊತ್ತಿರಲಿಲ್ಲ.

ಮೇಸ್ತ್ರಿಗೆ ಈಗ ಅರ್ಥವಾಯಿತು. ಕೈ ಪಳಗಿರಲಿಲ್ಲ. ಸತ್ತದ್ದು ಟಿಕ್ ಅಲ್ಲ, ತನ್ನ ಕಿವಿ. ಹಾಗಾದರೆ ಇಷ್ಟು ದಿನ ಸರಿಯಾಯಿತು ಎಂದು ಬೆನ್ನು ತಟ್ಟಿ ಕಳಿಸಿದ ಸೈಕಲ್ಲುಗಳೆಲ್ಲ? ಹೊರಗೆ ಇಳಿಜಾರಿನಲ್ಲಿ ಜನ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಇಳಿದು ಬರುತ್ತಿದ್ದರು. ಅರ್ಧಕ್ಕರ್ಧ ಸೈಕಲ್ಲುಗಳು ಅವನ ಕೈಯಲ್ಲೇ ರಿಪೇರಿಯಾದವು. ಒಂದೂ ಸದ್ದು ಮಾಡುತ್ತಿರಲಿಲ್ಲ. ಅವನಿಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ.

ತಿರುವಿನಲ್ಲಿ ಅಂಚೆಯವನು ಕಾಣಿಸಿಕೊಂಡ. ಮೇಸ್ತ್ರಿ ಬರಿಗಾಲಲ್ಲೇ ಓಡಿಹೋಗಿ ಎರಡೂ ಕೈಯಿಂದ ಹ್ಯಾಂಡಲ್ ಹಿಡಿದ. ಅಂಚೆಯವನು ಇನ್ನೊಂದು ಕೊಂಕು ಮಾತು ಬಂತು ಎಂದುಕೊಂಡು ಗಂಟುಮೋರೆ ಹಾಕಿದ.

"ಇಳೀರಿ," ಎಂದ ಮೇಸ್ತ್ರಿ. "ಆ ಸದ್ದು ನಿಮ್ಮ ಮಂಡೀದಲ್ಲ."

ಆಮೇಲೆ ಅಂಗಡಿಯ ಕಡೆ ತಿರುಗಿ, ರಸ್ತೆಗೆಲ್ಲ ಕೇಳುವ ಹಾಗೆ ಮಗಳನ್ನು ಕರೆದ. "ಬಾ ಮಗಳೇ, ನೀನು ಕೇಳಿ ಹೇಳು. ನಂಗೆ ಕೇಳಲ್ಲ."

ಮಗಳು ಕುಂಟುತ್ತ ಬಂದು ಚಕ್ರದ ಪಕ್ಕ ಬಗ್ಗಿದಳು. ಮೇಸ್ತ್ರಿ ಪೆಡಲ್ ತಿರುಗಿಸಿದ. ಈ ಸಲ ಕಣ್ಣು ಮುಚ್ಚಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದ.